ಮನೆಮಾತು ಬೇರೆಯಾದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಉಪಾಧ್ಯಾಯರ ಸಿದ್ಧತೆ: ಅಮೆರಿಕದ ಪ್ರಾಥಮಿಕ ಶಾಲೆಗಳ ಅನುಭವ

ಶಾಲೆಗೆ ಸೇರಿದ ಮೊದಲ ವಾರವೆಲ್ಲ ತುಟಿ ಬಿಚ್ಚದೆ ಕುಳಿತಿರುವ ಮಗುವನ್ನು ಕುರಿತು ಉಪಾಧ್ಯಾಯರು ಎರಡು ಬಗೆಯ ತೀರ್ಮಾನಕ್ಕೆ ಬರಬಹುದು. ಮಗುವಿಗೆ ವಿಷಯ ತಿಳಿಯದು ಎಂಬುದು ಒಂದು. ವಿಷಯ ತಿಳಿದಿದ್ದರೂ ಶಾಲೆಯ ಭಾಷೆ ತಿಳಿಯದು ಎಂಬುದು ಇನ್ನೊಂದು. ಹೊರನೋಟಕ್ಕೆ ಎರಡು ಮೌನಗಳೂ ಒಂದೇ ಆಗಿ ಕಾಣುತ್ತವೆ. ಆದರೆ ಎರಡನೆಯದನ್ನು ಮೊದಲನೆಯದೆಂದು ಬಗೆದಲ್ಲಿ ಆ ಮಗುವಿನ ವಿದ್ಯಾಭ್ಯಾಸವೇ ದಾರಿ ತಪ್ಪುವ ಸಂಭವವುಂಟು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಮನೆಯಲ್ಲಿ ಬೇರೆ ಭಾಷೆಯನ್ನಾಡುವ ಮಕ್ಕಳಿಗೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಲು ಸಿದ್ಧರಾಗುವ ಉಪಾಧ್ಯಾಯರ ತರಬೇತಿಯ ತಿರುಳು ಈ ಎರಡು ಮೌನಗಳ ವ್ಯತ್ಯಾಸವನ್ನು ಅರಿಯುವುದರಲ್ಲಿದೆ. ಈ ತಿಳಿವಳಿಕೆ ಅಲ್ಲಿನ ಶಿಕ್ಷಣ ವ್ಯವಸ್ಥೆಗೆ ಸುಲಭವಾಗಿ ಬಂದುದಲ್ಲ. ಅದಕ್ಕಾಗಿ ತಂದೆತಾಯಿಗಳು ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಇಂತಹ ಮಕ್ಕಳನ್ನು ಅಲ್ಲಿ ‘ಇಂಗ್ಲಿಷ್ ಭಾಷಾ ಕಲಿಕಾರ್ಥಿ’ಗಳೆಂದು ಕರೆಯುವುದು ವಾಡಿಕೆ. 2021ರ ಶರತ್ಕಾಲದಲ್ಲಿ ಸಾರ್ವಜನಿಕ ಶಾಲೆಗಳಲ್ಲಿ ಇವರ ಸಂಖ್ಯೆ ಸುಮಾರು 53 ಲಕ್ಷ. ಎಂದರೆ ಓದುವ ಮಕ್ಕಳಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು. ಇವರಲ್ಲಿ ನಾಲ್ವರಿಗೆ ಮೂವರಂತೆ ಸ್ಪ್ಯಾನಿಷ್ ಮನೆಮಾತಿನವರು. ಅರಬ್ಬಿ, ಚೀನೀ, ವಿಯಟ್ನಾಮೀ ಮೊದಲಾದ ಭಾಷೆಗಳನ್ನಾಡುವವರು ಉಳಿದವರಲ್ಲಿದ್ದಾರೆ. ಇವರೆಲ್ಲರೂ ಹೊರದೇಶದಿಂದ ಬಂದಿಳಿದವರೆಂದು ಭಾವಿಸುವುದು ಸರಿಯಲ್ಲ. ಪ್ರಾಥಮಿಕ ಶಾಲೆಯ ಇಂತಹ ಮಕ್ಕಳಲ್ಲಿ ಬಹುಪಾಲು ಅಮೆರಿಕದಲ್ಲಿಯೇ ಹುಟ್ಟಿದವರು. ಅಲ್ಲದೆ ಕೆಳಗಿನ ತರಗತಿಗಳಲ್ಲಿ ಇವರ ಪ್ರಮಾಣ ಹೆಚ್ಚು, ಮೇಲಿನ ತರಗತಿಗಳಿಗೆ ಹೋದಂತೆ ಕಡಿಮೆ. ಆದುದರಿಂದ ಈ ಹೊಣೆಯ ಹೆಚ್ಚಿನ ಭಾರವನ್ನು ಹೊರುವವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರೇ.

ಹಿಂದಿನ ಕಾಲದ ಸ್ಥಿತಿ ಹೇಗಿತ್ತೆಂಬುದಕ್ಕೆ ನೆಬ್ರಾಸ್ಕಾ ರಾಜ್ಯದ ಒಂದು ಪ್ರಸಂಗ ಸಾಕ್ಷಿಯಾಗಿದೆ. ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನ್ ಭಾಷೆಯ ಮೇಲೆ ಹಬ್ಬಿದ ದ್ವೇಷದಲ್ಲಿ, ಎಂಟನೆಯ ತರಗತಿ ಮುಗಿಸುವ ತನಕ ಮಕ್ಕಳಿಗೆ ಇಂಗ್ಲಿಷಲ್ಲದೆ ಬೇರೆ ಯಾವ ಆಧುನಿಕ ಭಾಷೆಯನ್ನೂ ಕಲಿಸಬಾರದೆಂದು ಆ ರಾಜ್ಯ 1919ರಲ್ಲಿ ಕಾಯಿದೆ ಮಾಡಿತು. ಲೂಥರನ್ ಪಂಥದವರು ನಡೆಸುತ್ತಿದ್ದ ಒಂದು ಹಳ್ಳಿಶಾಲೆಯಲ್ಲಿ ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯರು 1920ರಲ್ಲಿ ಬಿಡುವಿನ ವೇಳೆ ಹತ್ತು ವರ್ಷದ ಬಾಲಕನೊಬ್ಬನಿಗೆ ಜರ್ಮನ್ ಓದು ಕಲಿಸುತ್ತಿದ್ದಾಗ ಸಿಕ್ಕಿಬಿದ್ದರು. ಅವರಿಗೆ 25 ಡಾಲರು ದಂಡ ವಿಧಿಸಲಾಯಿತು. ಅವರು ದಂಡ ತೆತ್ತು ಸುಮ್ಮನಾಗಲಿಲ್ಲ. 1923ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು, ಕಲಿಸುವುದು ಉಪಾಧ್ಯಾಯರ ಹಕ್ಕು, ಕಲಿಸಲು ಅವರನ್ನು ನೇಮಿಸಿಕೊಳ್ಳುವುದು ತಂದೆತಾಯಿಗಳ ಹಕ್ಕು ಎಂಬುದನ್ನು ಎತ್ತಿಹಿಡಿಯಿತು. ಆದರೆ ಆ ತೀರ್ಪು ಮನೆಮಾತನ್ನು ಕಲಿಸುವುದು ಅಪರಾಧವಲ್ಲವೆಂದು ಹೇಳಿತೇ ಹೊರತು, ಇಂಗ್ಲಿಷ್ ಬಾರದ ಮಗುವಿಗೆ ಶಾಲೆ ಏನು ಮಾಡಬೇಕೆಂಬುದನ್ನು ಹೇಳಲಿಲ್ಲ.

ಅದನ್ನು ಹೇಳುವವರಿಲ್ಲದ ಕಾಲದಲ್ಲಿ ಉಪಾಧ್ಯಾಯರು ತಮಗೆ ತೋಚಿದಂತೆ ನಡೆದುಕೊಂಡರು. ಮುಂದೆ ರಾಷ್ಟ್ರಾಧ್ಯಕ್ಷರಾದ ಲಿಂಡನ್ ಜಾನ್ಸನ್ನರು 1928ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಟೆಕ್ಸಾಸಿನ ಕೊಟುಲಾ ಎಂಬ ಸಣ್ಣ ಊರಿನಲ್ಲಿ ಮೆಕ್ಸಿಕೋ ಮೂಲದ ಬಡಮಕ್ಕಳ ಶಾಲೆಗೆ ಉಪಾಧ್ಯಾಯರಾಗಿ ಹೋದರು. ಮಕ್ಕಳಿಗೆ ಇಂಗ್ಲಿಷ್ ಬಾರದು, ಉಪಾಧ್ಯಾಯರಿಗೆ ಸ್ಪ್ಯಾನಿಷ್ ಅಷ್ಟಾಗಿ ಬಾರದು. ಬೆಳಗಿನ ಊಟವಿಲ್ಲದೆ ಹಸಿದು ತರಗತಿಗೆ ಬರುತ್ತಿದ್ದ ಆ ಮಕ್ಕಳನ್ನು ಜಾನ್ಸನ್ನರು 1965ರ ಮಾರ್ಚಿಯಲ್ಲಿ ಸಂಸತ್ತಿನೆದುರು ನೆನೆದುದು ಪ್ರಸಿದ್ಧವಾಗಿದೆ. ಅವರು ಶ್ರದ್ಧಾವಂತ ಉಪಾಧ್ಯಾಯರಾಗಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೂ ಶಾಲೆಯಲ್ಲಿ ಸ್ಪ್ಯಾನಿಷ್ ಆಡಕೂಡದೆಂಬ ಕಟ್ಟಳೆಯನ್ನು ಅವರೂ ಪಾಲಿಸಿದರು. ಮಕ್ಕಳ ಏಳಿಗೆಗೆ ಅದೇ ಮಾರ್ಗವೆಂದು ಆಗಿನ ಎಲ್ಲರಂತೆ ಅವರೂ ನಂಬಿದ್ದರು. ಶ್ರದ್ಧೆಯೊಂದೇ ಸಾಲದು, ಶಾಸ್ತ್ರವೂ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಅದೇ ಜಾನ್ಸನ್ನರು ಅಧ್ಯಕ್ಷರಾಗಿದ್ದು 1968ರ ಜನವರಿಯಲ್ಲಿ ದ್ವಿಭಾಷಾ ಶಿಕ್ಷಣದ ಕಾಯಿದೆಗೆ ಸಹಿ ಹಾಕಿದರೆಂಬುದು ಇತಿಹಾಸದ ಒಂದು ಸೊಗಸು.

ಆ ವೇಳೆಗಾಗಲೇ ಫ್ಲಾರಿಡಾದ ಮಿಯಾಮಿಯಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. 1959ರ ಕ್ರಾಂತಿಯ ನಂತರ ಕ್ಯೂಬಾದಿಂದ ಬಂದ ನಿರಾಶ್ರಿತ ಕುಟುಂಬಗಳಿಂದ ಅಲ್ಲಿನ ಶಾಲೆಗಳು ತುಂಬಿದ್ದವು. ಕೋರಲ್ ವೇ ಪ್ರಾಥಮಿಕ ಶಾಲೆಯಲ್ಲಿ 1963ರಿಂದ ಫೋರ್ಡ್ ಪ್ರತಿಷ್ಠಾನದ ಧನಸಹಾಯದೊಂದಿಗೆ ದಿನದ ಒಂದು ಭಾಗ ಇಂಗ್ಲಿಷಿನಲ್ಲಿಯೂ ಇನ್ನೊಂದು ಭಾಗ ಸ್ಪ್ಯಾನಿಷಿನಲ್ಲಿಯೂ ಪಾಠ ನಡೆಯತೊಡಗಿತು. ಕ್ಯೂಬಾದ ಮಕ್ಕಳು ಇಂಗ್ಲಿಷನ್ನೂ, ಇಂಗ್ಲಿಷ್ ಮನೆಮಾತಿನ ಮಕ್ಕಳು ಸ್ಪ್ಯಾನಿಷನ್ನೂ ಒಂದೇ ಸೂರಿನಡಿ ಕಲಿತರು. ತಾಯ್ನಾಡಿನಲ್ಲಿ ಉಪಾಧ್ಯಾಯರಾಗಿದ್ದು ಈಗ ಕೈಬರಿದಾಗಿ ಬಂದಿದ್ದ ಕ್ಯೂಬನ್ನರು ಇಲ್ಲಿ ತರಗತಿಯ ಸಹಾಯಕರಾಗಿ ಸೇರಿದುದು ಗಮನಾರ್ಹ. ಮಗುವಿನ ಭಾಷೆಯನ್ನು ಬಲ್ಲ ವ್ಯಕ್ತಿ ತರಗತಿಯಲ್ಲಿರಬೇಕೆಂಬ ತತ್ತ್ವ ಅಲ್ಲಿಯೇ ಮೊಳೆಯಿತೆನ್ನಬಹುದು.

ಆದರೆ ಮಿಯಾಮಿ ಒಂದು ಅಪವಾದ. ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಇತ್ಯರ್ಥವಾದ ‘ಡಯಾನಾ’ ಪ್ರಕರಣವನ್ನು ಇಂದಿಗೂ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಓದಬೇಕು. ಹೊಲಗೆಲಸದ ಕುಟುಂಬಗಳಿಗೆ ಸೇರಿದ, ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ನಡೆಸಿದ ಬುದ್ಧಿಮಾಪನ ಪರೀಕ್ಷೆಯ ಆಧಾರದ ಮೇಲೆ ಬುದ್ಧಿಮಾಂದ್ಯರ ತರಗತಿಗೆ ಹಾಕಲಾಗಿತ್ತು. ಅವರದೇ ಭಾಷೆಯಲ್ಲಿ ಮತ್ತೆ ಪರೀಕ್ಷಿಸಿದಾಗ ಅಂಕಗಳು ಸರಾಸರಿ 15ರಷ್ಟು ಏರಿದವು. ಬಹುಪಾಲು ಮಕ್ಕಳು ಆ ತರಗತಿಯಲ್ಲಿರಬೇಕಾದವರೇ ಅಲ್ಲವೆಂದು ತಿಳಿದುಬಂತು. ಮಕ್ಕಳ ಬುದ್ಧಿ ಎರಡು ಪರೀಕ್ಷೆಗಳ ನಡುವೆ ಬೆಳೆದಿರಲಿಲ್ಲ. ಪ್ರಶ್ನೆಯ ಭಾಷೆ ಮಾತ್ರ ಬದಲಾಗಿತ್ತು. ಆ ಮಕ್ಕಳು ಅಂತಹ ತರಗತಿಯಲ್ಲಿ ಕಳೆದ ದಿನಗಳನ್ನು ಯಾವ ಒಪ್ಪಂದವೂ ಮರಳಿ ತಂದುಕೊಡುವಂತಿರಲಿಲ್ಲ. ಮಗುವನ್ನು ಅದರ ಮನೆಮಾತಿನಲ್ಲಿಯೂ ಪರೀಕ್ಷಿಸಬೇಕೆಂಬ ನಿಯಮ ಇದರಿಂದ ಬಂದಿತು.

ನಾಲ್ಕು ವರ್ಷಗಳ ಬಳಿಕ, 1974ರ ಜನವರಿ 21ರಂದು, ಸರ್ವೋಚ್ಚ ನ್ಯಾಯಾಲಯ ಲಾವ್ ಪ್ರಕರಣದಲ್ಲಿ ಸರ್ವಾನುಮತದ ತೀರ್ಪು ನೀಡಿತು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ 2,856 ಮಕ್ಕಳಿದ್ದರು. ಅವರ ಪೈಕಿ ಸುಮಾರು 1,800 ಮಂದಿಗೆ ಯಾವ ವಿಶೇಷ ಪಾಠದ ಏರ್ಪಾಡೂ ಇರಲಿಲ್ಲ. ಎಲ್ಲರಿಗೂ ಒಂದೇ ಕಟ್ಟಡ, ಒಂದೇ ಪುಸ್ತಕ, ಒಬ್ಬರೇ ಉಪಾಧ್ಯಾಯರು ಇರುವಾಗ ತಾರತಮ್ಯವೆಲ್ಲಿದೆ ಎಂಬುದು ಆಡಳಿತದ ವಾದ. ನ್ಯಾಯಮೂರ್ತಿ ವಿಲಿಯಂ ಡಗ್ಲಾಸರು ಬರೆದ ತೀರ್ಪು ಈ ವಾದವನ್ನು ತಳ್ಳಿಹಾಕಿತು. ತಿಳಿಯದ ಭಾಷೆಯಲ್ಲಿ ಸಮಾನವಾಗಿ ಹಂಚಿದ ಪಾಠ ಸಮಾನತೆಯಾಗದೆಂಬುದೂ, ಅಂತಹ ಮಕ್ಕಳು ನಿಜವಾದ ಶಿಕ್ಷಣದಿಂದ ವಂಚಿತರಾಗುತ್ತಾರೆಂಬುದೂ ಅದರ ಸಾರ. 1964ರ ನಾಗರಿಕ ಹಕ್ಕುಗಳ ಕಾಯಿದೆಯೇ ಇದಕ್ಕೆ ಆಧಾರವಾಯಿತು. ಅದೇ ವರ್ಷ ಸಮಾನ ಶಿಕ್ಷಣಾವಕಾಶದ ಕಾಯಿದೆಯೂ ಬಂದು, ಮಕ್ಕಳ ಭಾಷೆಯ ತೊಡಕನ್ನು ನಿವಾರಿಸಲು ತಕ್ಕ ಕ್ರಮ ಕೈಕೊಳ್ಳುವುದು ಶಾಲೆಗಳ ಕರ್ತವ್ಯವೆಂದು ವಿಧಿಸಿತು.

ಉಪಾಧ್ಯಾಯರ ತರಬೇತಿಯ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದುದು 1981ರ ಕಾಸ್ಟನೇಡಾ ತೀರ್ಪು. ಟೆಕ್ಸಾಸಿನ ರೇಮಂಡ್‌ವಿಲ್ ಎಂಬ ಊರಿನ ಶಾಲೆಗಳ ಬಗ್ಗೆ ಮೇಲ್ಮನವಿ ನ್ಯಾಯಾಲಯ ನೀಡಿದ ಈ ತೀರ್ಪು ಮೂರು ಪ್ರಶ್ನೆಗಳನ್ನು ಮುಂದಿಟ್ಟಿತು: ಶಾಲೆಯ ಕಾರ್ಯಕ್ರಮಕ್ಕೆ ಶಿಕ್ಷಣಶಾಸ್ತ್ರದ ಆಧಾರವಿದೆಯೆ? ಅದನ್ನು ನಡೆಸಲು ತಕ್ಕ ಸಾಧನಗಳೂ ಜನರೂ ಇದ್ದಾರೆಯೆ? ಕೆಲವು ಕಾಲ ನಡೆಸಿದ ಮೇಲೆ ಮಕ್ಕಳ ತೊಡಕು ನಿವಾರಣೆಯಾಗಿದೆಯೆ? ಎರಡನೆಯ ಪ್ರಶ್ನೆಯ ಸಂದರ್ಭದಲ್ಲಿ ಹೊರಬಂದ ಒಂದು ವಿವರ ಸ್ವಾರಸ್ಯಕರವಾಗಿದೆ. ದ್ವಿಭಾಷಾ ತರಗತಿಗೆ ನೇಮಕಗೊಂಡ ಉಪಾಧ್ಯಾಯರಿಗೆ 100 ಗಂಟೆಗಳ ತರಬೇತಿ ಕೊಡಿಸಲಾಗಿತ್ತು. ಅದರಲ್ಲಿ ಅವರು 700 ಸ್ಪ್ಯಾನಿಷ್ ಶಬ್ದಗಳನ್ನು ಕಲಿಯಬೇಕಿತ್ತು. ಏಳುನೂರು ಶಬ್ದಗಳ ಬಲದಿಂದ ಒಂದು ಮಗುವಿನೊಡನೆ ಗಣಿತವನ್ನೂ ಭೂಗೋಳವನ್ನೂ ಮಾತನಾಡಲಾದೀತೆ ಎಂಬ ಸಂಶಯ ನ್ಯಾಯಾಲಯಕ್ಕೂ ಬಂತು. ಆರು ವರ್ಷದ ಮಗುವಿಗೂ ಅದರ ಮನೆಮಾತಿನಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಶಬ್ದಗಳು ಗೊತ್ತಿರುತ್ತವೆ! ಒಳ್ಳೆಯ ಯೋಜನೆಯನ್ನು ಕಾಗದದ ಮೇಲೆ ಬರೆದಿಟ್ಟರೆ ಸಾಲದು, ಅದಕ್ಕೆ ತಕ್ಕ ಉಪಾಧ್ಯಾಯರನ್ನು ತಯಾರಿಸದಿದ್ದರೆ ಕಾಯಿದೆಯನ್ನು ಪಾಲಿಸಿದಂತಾಗದು ಎಂಬ ಮಾತು ಅಂದಿನಿಂದ ನ್ಯಾಯದ ಬಲ ಪಡೆಯಿತು.

ರಾಜಕೀಯ ಗಾಳಿ ಮಾತ್ರ ಒಂದೇ ದಿಕ್ಕಿಗೆ ಬೀಸಲಿಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ನಿಲ್ಲಿಸಿ, ಸಾಮಾನ್ಯವಾಗಿ ಒಂದು ವರ್ಷಕ್ಕೆ ಮೀರದ ವಿಶೇಷ ಇಂಗ್ಲಿಷ್ ತರಬೇತಿಯ ಬಳಿಕ ಮಕ್ಕಳನ್ನು ಸಾಮಾನ್ಯ ತರಗತಿಗೆ ಕಳಿಸಬೇಕೆಂದು ಮತವಿತ್ತರು. 2016ರಲ್ಲಿ ಅದೇ ರಾಜ್ಯದ ಮತದಾರರು ಭಾರಿ ಬಹುಮತದಿಂದ ಆ ನಿರ್ಬಂಧವನ್ನು ತೆಗೆದುಹಾಕಿದರು. ನಡುವಣ 18 ವರ್ಷಗಳಲ್ಲಿ ದ್ವಿಭಾಷಾ ಉಪಾಧ್ಯಾಯರಾಗಲು ಮುಂದೆ ಬರುವವರು ಕಡಿಮೆಯಾದರು. ತಡೆ ಸರಿದ ಮೇಲೆ ತರಗತಿಗಳಿಗೆ ಬೇಡಿಕೆಯಿದ್ದರೂ ಕಲಿಸುವವರು ಸಿಗದಂತಾಯಿತು. ಬತ್ತಿಸಿದ ಕೆರೆಯನ್ನು ಮತ್ತೆ ತುಂಬಿಸಲು ಒಂದು ಮಳೆಗಾಲ ಸಾಲದಷ್ಟೆ. 2025ರ ಮಾರ್ಚಿಯಲ್ಲಿ ಅಧ್ಯಕ್ಷರ ಆಜ್ಞೆಯೊಂದು ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಸಾರಿತು. ಈ ಮಕ್ಕಳ ಹಕ್ಕುಗಳ ಬಗ್ಗೆ 2015ರಲ್ಲಿ ಹೊರಡಿಸಿದ್ದ ಕೇಂದ್ರದ ಮಾರ್ಗದರ್ಶಿ ಪತ್ರವನ್ನು ಅದೇ ವರ್ಷ ಹಿಂತೆಗೆದುಕೊಳ್ಳಲಾಯಿತು. 1974ರ ಕಾಯಿದೆಯಾದರೋ ರದ್ದಾಗಲಿಲ್ಲ.

ಇನ್ನು ಇಂತಹ ಉಪಾಧ್ಯಾಯರಾಗುವ ಬಗೆ. ಅಮೆರಿಕದಲ್ಲಿ ಶಿಕ್ಷಣ ರಾಜ್ಯಗಳ ವಿಷಯವಾದುದರಿಂದ ನಿಯಮಗಳು ಊರಿಂದೂರಿಗಲ್ಲದಿದ್ದರೂ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಲು ಪದವಿಯ ಜೊತೆಗೆ ತರಬೇತಿ ಪಡೆದು, ಅನುಭವಿ ಉಪಾಧ್ಯಾಯರ ಕೈಕೆಳಗೆ 600 ಗಂಟೆಗಳ ಕಾಲ ತರಗತಿಯಲ್ಲಿ ಅಭ್ಯಾಸ ಮಾಡಬೇಕು. ಇಂಗ್ಲಿಷ್ ಕಲಿಕಾರ್ಥಿಗಳಿಗೆ ಪಾಠ ಹೇಳುವ ಅರ್ಹತೆ ಅಲ್ಲಿ ಪ್ರತ್ಯೇಕ ಅಲಂಕಾರವಲ್ಲ, ಸಾಮಾನ್ಯ ಪರವಾನಗಿಯೊಳಗೇ ಸೇರಿದೆ. ಏಕೆಂದರೆ ಇಂತಹ ಮಕ್ಕಳಿಲ್ಲದ ತರಗತಿ ಆ ರಾಜ್ಯದಲ್ಲಿ ಅಪರೂಪ. ಮಗುವಿನ ಭಾಷೆಯಲ್ಲಿಯೇ ವಿಷಯಗಳನ್ನು ಬೋಧಿಸುವವರಿಗೆ ಮಾತ್ರ ಬೇರೆಯೇ ದ್ವಿಭಾಷಾ ಅರ್ಹತಾಪತ್ರ ಬೇಕು. ಟೆಕ್ಸಾಸಿನಲ್ಲಾದರೆ, ಒಂದು ಜಿಲ್ಲೆಯ ಒಂದೇ ತರಗತಿಯಲ್ಲಿ ಒಂದೇ ಮನೆಮಾತಿನ 20 ಅಥವಾ ಹೆಚ್ಚು ಇಂತಹ ಮಕ್ಕಳಿದ್ದಲ್ಲಿ ದ್ವಿಭಾಷಾ ಶಿಕ್ಷಣದ ಏರ್ಪಾಡು ಮಾಡಲೇಬೇಕು. ವರ್ಷಗಟ್ಟಲೆ ತರಗತಿಯ ಸಹಾಯಕರಾಗಿ ದುಡಿದು, ಸಂಜೆ ಕಾಲೇಜಿನಲ್ಲಿ ಓದಿ, ಅದೇ ಶಾಲೆಗೆ ಉಪಾಧ್ಯಾಯರಾಗಿ ಬರುವವರೂ ಉಂಟು. ಮಕ್ಕಳ ಓಣಿಯನ್ನೂ ಅವರ ಮಾತನ್ನೂ ಬಲ್ಲವರಾದ್ದರಿಂದ ಇವರ ಕೆಲಸಕ್ಕೆ ವಿಶೇಷ ಬೆಲೆಯಿದೆ.

ತರಬೇತಿಯಲ್ಲಿ ಕಲಿಸುವ ಶಾಸ್ತ್ರದ ಪೈಕಿ ಕೆನಡಾದ ಜಿಮ್ ಕಮಿನ್ಸರು 1979ರಲ್ಲಿ ಮಾಡಿದ ವಿಂಗಡಣೆ ಪ್ರಧಾನವಾದುದು. ಆಟದ ಬಯಲಿನ ಭಾಷೆ ಬೇರೆ, ಪಾಠದ ಭಾಷೆ ಬೇರೆ ಎಂಬುದು ಅದರ ಸಂಗ್ರಹ. ಗೆಳೆಯರೊಡನೆ ಹರಟುವಷ್ಟು ಇಂಗ್ಲಿಷನ್ನು ಮಗು ಒಂದೆರಡು ವರ್ಷಗಳಲ್ಲಿ ಕಲಿಯುತ್ತದೆ. ವಿಜ್ಞಾನದ ಪಾಠವನ್ನು ಓದಿ ಕಾರಣ ಕಾರ್ಯಗಳನ್ನು ವಿವರಿಸುವಷ್ಟು ಭಾಷೆ ಕೈವಶವಾಗಲು ಐದರಿಂದ ಏಳು ವರ್ಷಗಳು ಬೇಕು. ಈ ಭೇದವನ್ನರಿಯದ ಉಪಾಧ್ಯಾಯರು ಮಗುವಿನ ಸಲೀಸಾದ ಮಾತನ್ನು ಕೇಳಿ, ಇದಕ್ಕೆ ಇಂಗ್ಲಿಷ್ ಬಂದಿತೆಂದು ನಿಶ್ಚಯಿಸುತ್ತಾರೆ. ಪಾಠದಲ್ಲಿ ಹಿಂದೆ ಬಿದ್ದಾಗ ಇದಕ್ಕೆ ಬುದ್ಧಿಯಿಲ್ಲವೆಂದು ನಿಶ್ಚಯಿಸುತ್ತಾರೆ. ಡಯಾನಾ ಪ್ರಕರಣದ ಅನ್ಯಾಯ ಹೀಗೆ ಹಿಂಬಾಗಿಲಿನಿಂದ ಮತ್ತೆ ಒಳಬರುತ್ತದೆ. 1998ರ ಮತದಾರರು ಇಟ್ಟ ಒಂದು ವರ್ಷದ ಅವಧಿ ಈ ಲೆಕ್ಕಕ್ಕೆ ಎಷ್ಟು ದೂರವಾದುದೆಂಬುದನ್ನು ವಿವರಿಸಬೇಕಾಗಿಲ್ಲ.

ಮೊದಲ ತಿಂಗಳುಗಳ ಮೌನವನ್ನೂ ಪ್ರಶಿಕ್ಷಣಾರ್ಥಿಗಳು ಅರ್ಥಮಾಡಿಕೊಳ್ಳಬೇಕಾಗುತ್ತದೆ. ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ಕೇಳಿಸಿಕೊಳ್ಳುತ್ತದೆಯೇ ವಿನಾ ಮಾತಾಡುವುದಿಲ್ಲ. ಆಗ ಬಲವಂತವಾಗಿ ಬಾಯಿ ಬಿಡಿಸಲು ಹೋದರೆ ಹೆದರಿಕೆ ಹೆಚ್ಚುತ್ತದೆ. ಸ್ಯಾನ್ ಹೋಸೆಯ ಜೇಮ್ಸ್ ಆ್ಯಶರರು 1960ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ ಮಗು ಮಾತಾಡಬೇಕಾಗಿಲ್ಲ. ಏಳು, ಬಾಗಿಲು ತೆರೆ, ಕೆಂಪು ಪೆನ್ಸಿಲನ್ನು ಮೇಜಿನ ಮೇಲಿಡು ಎಂದು ಹೇಳಿದಂತೆ ಮಾಡಿ ತೋರಿಸಿದರಾಯಿತು. ಕೈಕಾಲುಗಳೇ ಉತ್ತರ ಕೊಡುತ್ತವೆ. ಪ್ರಶ್ನೆ ಕೇಳಿದ ಬಳಿಕ ಕಾಯುವುದೂ ಒಂದು ವಿದ್ಯೆ. ಉಪಾಧ್ಯಾಯರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ದೀರ್ಘವೂ ಉತ್ತಮವೂ ಆಗುತ್ತವೆಂದೂ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತೋರಿಸಿಕೊಟ್ಟರು. ಕೇಳಿದ್ದನ್ನು ಮನಸ್ಸಿನಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ತಂದು, ಉತ್ತರವನ್ನು ಮತ್ತೆ ಆಚೆಗೆ ದಾಟಿಸಬೇಕಾದ ಮಗುವಿಗೆ ಆ ಎರಡು ಸೆಕೆಂಡುಗಳ ಬೆಲೆ ಬಹಳ. ಯಾವ ಖರ್ಚೂ ಇಲ್ಲದ ಈ ಸುಧಾರಣೆಯನ್ನು ರೂಢಿಸಿಕೊಳ್ಳುವುದೇ ಹೊಸ ಉಪಾಧ್ಯಾಯರಿಗೆ ಎಲ್ಲಕ್ಕಿಂತ ಕಠಿಣವೆನ್ನುತ್ತಾರೆ.

ಮಗುವಿನ ತಪ್ಪುಗಳ ಮೂಲವನ್ನು ಹುಡುಕುವುದು ತರಬೇತಿಯ ಅತ್ಯಂತ ರಸವತ್ತಾದ ಭಾಗ. ಸ್ಪ್ಯಾನಿಷಿನಲ್ಲಿ ಸಕಾರದ ಒತ್ತಕ್ಷರದಿಂದ ಆರಂಭವಾಗುವ ಶಬ್ದವಿಲ್ಲ. ಆದುದರಿಂದ ಆ ಮಗು ‘ಸ್ಕೂಲ್’ ಎನ್ನಲು ‘ಎಸ್ಕೂಲ್’ ಎನ್ನುತ್ತದೆ. ನಮ್ಮ ಹಳ್ಳಿಗಳ ‘ಇಸ್ಕೂಲು’ ಇದರ ಒಡಹುಟ್ಟು. ಅರಬ್ಬಿಯಲ್ಲಿ ಪಕಾರವಿಲ್ಲದ್ದರಿಂದ ‘ಪೆನ್ಸಿಲ್’ ‘ಬೆನ್ಸಿಲ್’ ಆಗುತ್ತದೆ. ಬಲದಿಂದ ಎಡಕ್ಕೆ ಬರೆಯುವ ರೂಢಿಯ ಮಗು ಪುಸ್ತಕವನ್ನು ಹಿಂದಿನಿಂದ ತೆರೆದರೆ ಅದು ಅಜ್ಞಾನವಲ್ಲ, ಇನ್ನೊಂದು ಜ್ಞಾನ. ಚೀನೀ ಭಾಷೆಯಲ್ಲಿ ಸಂಖ್ಯೆ ಬಂದ ಮೇಲೆ ನಾಮಪದಕ್ಕೆ ಬಹುವಚನ ಬೇಕಿಲ್ಲ, ಆದ್ದರಿಂದ ‘ಟೂ ಬುಕ್’. ಕನ್ನಡಿಗರೂ ‘ಎರಡು ಪುಸ್ತಕ’, ‘ಹತ್ತು ರೂಪಾಯಿ’ ಎಂದೇ ಹೇಳುವುದನ್ನು ನೆನೆದರೆ ಈ ಮಗುವಿನ ತರ್ಕ ಕೂಡಲೇ ಹೊಳೆಯುತ್ತದೆ. ಇಂತಹ ತಪ್ಪು ಮಗು ಯೋಚಿಸುತ್ತಿಲ್ಲವೆಂಬುದರ ಗುರುತಲ್ಲ. ತನ್ನ ಭಾಷೆಯ ವ್ಯಾಕರಣವನ್ನು ಚೆನ್ನಾಗಿ ಬಲ್ಲದೆಂಬುದರ ಗುರುತು. ಕೆಂಪು ಶಾಯಿಯಿಂದ ಗೀಟು ಹಾಕುವ ಮುನ್ನ ಉಪಾಧ್ಯಾಯರು ಇಷ್ಟನ್ನು ತಿಳಿದಿದ್ದರೆ ತಿದ್ದುವ ಬಗೆಯೇ ಬೇರೆಯಾಗುತ್ತದೆ.

ಭಾಷೆ ಅಡ್ಡ ಬರುವುದು ಭಾಷಾಪಾಠದಲ್ಲಿ ಮಾತ್ರವೆಂದು ತಿಳಿದವರಿಗೆ ಗಣಿತದ ಗಂಟೆ ಪಾಠ ಕಲಿಸುತ್ತದೆ. ಎಂಟು ಹಣ್ಣುಗಳಲ್ಲಿ ಮೂರನ್ನು ತಿಂದರೆ ಉಳಿದುದೆಷ್ಟು ಎಂಬುದನ್ನು ಇಂಗ್ಲಿಷಿನಲ್ಲಿ ‘ಹೌ ಮೆನಿ ಆರ್ ಲೆಫ್ಟ್’ ಎಂದು ಕೇಳುತ್ತಾರೆ. ಹಿಂದಿನ ವಾರವಷ್ಟೇ ‘ಲೆಫ್ಟ್’ ಎಂದರೆ ಎಡವೆಂದು ಕಲಿತ ಮಗು ತನ್ನ ಎಡಗಡೆ ನೋಡುತ್ತದೆ. ‘ಟೇಬಲ್’ ಎಂದರೆ ಮೇಜೂ ಹೌದು, ಅಂಕಿಗಳ ಕೋಷ್ಟಕವೂ ಹೌದು. ‘ಆಡ್’ ಎಂದರೆ ವಿಚಿತ್ರ. ಗಣಿತದಲ್ಲಿ ಅದು ಬೆಸ ಸಂಖ್ಯೆ. ಏಳಕ್ಕೂ ನಾಲ್ಕಕ್ಕೂ ‘ಡಿಫರೆನ್ಸ್’ ಏನೆಂದು ಕೇಳಿದಾಗ ಎರಡರ ಆಕಾರ ಬೇರೆ ಎಂದು ಮಗು ಉತ್ತರಿಸಿದರೆ ಅದನ್ನು ದಡ್ಡತನವೆನ್ನುವಂತಿಲ್ಲ. ಕಳೆಯುವ ಲೆಕ್ಕ ಅದಕ್ಕೆ ಬರುತ್ತದೆಯೋ ಇಲ್ಲವೋ ಎಂಬುದು ಈ ಪ್ರಶ್ನೆಯಿಂದ ತಿಳಿಯದು. ಎಂಟು ಬೀಜಗಳನ್ನು ಮುಂದಿಟ್ಟು ಮೂರನ್ನು ಸರಿಸಿದರೆ ತಿಳಿಯುತ್ತದೆ.

ಈ ಕಾರಣದಿಂದ ಪ್ರಶಿಕ್ಷಣಾರ್ಥಿಗಳು ತಮ್ಮ ಪಾಠಟಿಪ್ಪಣಿಯಲ್ಲಿ ಎರಡು ಉದ್ದೇಶಗಳನ್ನು ಬರೆಯುವ ರೂಢಿಯಿದೆ: ವಿಷಯದ ಉದ್ದೇಶ ಒಂದು, ಭಾಷೆಯ ಉದ್ದೇಶ ಇನ್ನೊಂದು. ಎರಡನೆಯ ತರಗತಿಯಲ್ಲಿ ಅವರೆಕಾಳು ಮೊಳೆಯುವ ಪಾಠವೆನ್ನೋಣ. ಬೀಜಕ್ಕೆ ನೀರು, ಗಾಳಿ, ಬೆಚ್ಚಗಿನ ಹವೆ ಬೇಕೆಂಬುದು ವಿಷಯ. ಮೊದಲು, ಅನಂತರ, ಕೊನೆಗೆ ಎಂಬ ಕ್ರಮಸೂಚಕ ಪದಗಳನ್ನು ಬಳಸಿ ಕಂಡುದನ್ನು ಹೇಳುವುದು ಭಾಷೆ. ಗಾಜಿನ ಲೋಟದಲ್ಲಿ ನೆನೆದ ಕಾಗದದ ಮೇಲಿಟ್ಟ ಕಾಳನ್ನು ಮಕ್ಕಳು ದಿನವೂ ನೋಡುತ್ತಾರೆ, ಚಿತ್ರ ಬರೆಯುತ್ತಾರೆ. ಭಾಷೆ ಸಾಲದ ಮಗುವಿಗೆ ಅರ್ಧ ಬರೆದ ವಾಕ್ಯವನ್ನು ಕೊಟ್ಟು ಉಳಿದರ್ಧವನ್ನು ತುಂಬಿಸುತ್ತಾರೆ. ಅಷ್ಟೂ ಬಾರದ ಮಗು ಚಿತ್ರಗಳನ್ನು ಕ್ರಮವಾಗಿ ಜೋಡಿಸುತ್ತದೆ. ಬೇರು ಮೊದಲು ಬಂತೆಂಬುದನ್ನು ಚಿತ್ರ ಜೋಡಿಸಿ ತೋರಿಸಿದ ಮಗುವಿಗೆ ವಿಜ್ಞಾನದಲ್ಲಿ ಪೂರ್ಣಾಂಕ ಸಲ್ಲಬೇಕು. ಪಾಠವನ್ನು ತೆಳುವಾಗಿಸಿ ಸುಲಭಗೊಳಿಸುವುದಕ್ಕೂ, ಪಾಠವನ್ನು ಹಾಗೆಯೇ ಉಳಿಸಿ ಅದರ ದಾರಿಯನ್ನು ಸುಗಮಗೊಳಿಸುವುದಕ್ಕೂ ಬಹಳ ಅಂತರವುಂಟು. ದುರ್ಬಲ ತರಬೇತಿ ಪಡೆದವರು ಮೊದಲನೆಯದನ್ನೇ ಮಾಡುತ್ತಾರೆ; ವರ್ಷಗಟ್ಟಲೆ ಎಳೆಯರ ಪುಸ್ತಕವನ್ನೇ ಓದುತ್ತ ಕುಳಿತ ಮಗು ಪ್ರೌಢಶಾಲೆಗೆ ಹೋಗುವ ವೇಳೆಗೆ ಚೇತರಿಸಿಕೊಳ್ಳಲಾರದಷ್ಟು ಹಿಂದುಳಿದಿರುತ್ತದೆ.

ಶಾಲೆಯ ಹೊರಗೂ ಈ ತರಬೇತಿ ಚಾಚುತ್ತದೆ. ಅರಿಜೋನಾದ ಟೂಸಾನ್ ನಗರದಲ್ಲಿ ಲೂಯಿಸ್ ಮೋಲ್ ಮತ್ತು ಅವರ ಸಹೋದ್ಯೋಗಿಗಳು ಉಪಾಧ್ಯಾಯರನ್ನೇ ಮೆಕ್ಸಿಕೋ ಮೂಲದ ಮಕ್ಕಳ ಮನೆಗಳಿಗೆ ಕಳಿಸಿದರು. ದೂರು ಹೇಳಲು ಅಲ್ಲ, ಕಲಿಯಲು. ಬೇಸಾಯ, ಪಶುಪಾಲನೆ, ಮನೆಕಟ್ಟುವ ಕೆಲಸ, ಗಿಡಮೂಲಿಕೆಯ ಔಷಧ, ವ್ಯಾಪಾರ ಇವುಗಳ ಬಗ್ಗೆ ಆ ಬಡಮನೆಗಳಲ್ಲಿ ಅಪಾರ ತಿಳಿವಳಿಕೆಯಿರುವುದನ್ನು ಉಪಾಧ್ಯಾಯರು ಕಂಡರು, ಅದನ್ನು ಪಾಠಗಳಲ್ಲಿ ಬಳಸಿದರು. 1992ರಲ್ಲಿ ಪ್ರಕಟವಾದ ಈ ಅಧ್ಯಯನ ತರಬೇತಿಯ ಪಠ್ಯಗಳಲ್ಲಿ ನೆಲೆನಿಂತಿದೆ. ಇದಕ್ಕೆ ಒಂದು ವರ್ಷ ಮೊದಲು ಲಿಲಿ ವಾಂಗ್ ಫಿಲ್‌ಮೋರ್ ಅವರು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ವಿಚಾರಿಸಿ ಬರೆದ ಲೇಖನ ಮನಕರಗಿಸುವಂಥದು. ತೀರ ಎಳವೆಯಲ್ಲಿ ಕೇವಲ ಇಂಗ್ಲಿಷಿನ ಶಿಶುವಿಹಾರಕ್ಕೆ ಹೋದ ಮಕ್ಕಳು ಮನೆಮಾತನ್ನು ಬಿಡುತ್ತಾರೆ. ತಂದೆತಾಯಿಗಳಿಗೆ ಇಂಗ್ಲಿಷ್ ಸಾಲದು. ಬುದ್ಧಿಮಾತು ಹೇಳುವುದಕ್ಕೂ ಸಂತೈಸುವುದಕ್ಕೂ ಮನೆಯಲ್ಲಿ ಒಂದು ಭಾಷೆಯೇ ಇಲ್ಲದಂತಾಗುತ್ತದೆ. ಮನೆಯಲ್ಲಿ ಇಂಗ್ಲಿಷೇ ಆಡಿರೆಂದು ಉಪಾಧ್ಯಾಯರು ಸದುದ್ದೇಶದಿಂದ ಕೊಡುತ್ತಿದ್ದ ಸಲಹೆ ಎಂತಹ ಫಲ ಕೊಡಬಲ್ಲದೆಂಬುದನ್ನು ಇದು ತೋರಿಸಿತು. ಪೋಷಕರ ಸಭೆಯಲ್ಲಿ ಮಗುವನ್ನೇ ದುಭಾಷಿಯನ್ನಾಗಿ ಕೂರಿಸಬಾರದೆಂದು ಈಗ ಕಲಿಸುತ್ತಾರೆ. ತನ್ನ ಮೇಲಿನ ದೂರನ್ನು ತಾನೇ ತಾಯಿಗೆ ಅನುವಾದಿಸಬೇಕಾದ ಹುಡುಗನ ಇಕ್ಕಟ್ಟನ್ನು ಊಹಿಸಿಕೊಳ್ಳಬಹುದು.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ವ್ಯವಸ್ಥೆಯ ಪರಿಚಯ ಮಗುವನ್ನು ಶಾಲೆಗೆ ಸೇರಿಸುವ ದಿನವೇ ಆಗುತ್ತದೆ. ಕ್ಯಾಲಿಫೋರ್ನಿಯಾದ ಪ್ರವೇಶಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ: ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಯಾವುದು, ತಂದೆತಾಯಿಗಳು ಮಗುವಿನೊಡನೆ ಆಡುವ ಭಾಷೆ ಯಾವುದು, ಮನೆಯ ಹಿರಿಯರು ಆಡುವ ಭಾಷೆ ಯಾವುದು. ಮೊದಲ ಮೂರರಲ್ಲಿ ಒಂದಕ್ಕಾದರೂ ಕನ್ನಡವೆಂದು ಬರೆದರೆ 30 ದಿನಗಳೊಳಗೆ ಮಗುವಿನ ಇಂಗ್ಲಿಷನ್ನು ಪರೀಕ್ಷಿಸುತ್ತಾರೆ. ಇದನ್ನು ಕಳಂಕವೆಂದು ಬಗೆದು ಇಂಗ್ಲಿಷೆಂದೇ ಬರೆಯುವ ಪೋಷಕರುಂಟು. ಆ ಒಂದು ಪದದಿಂದ ಮಗುವಿಗೆ ದೊರೆಯಬಹುದಾಗಿದ್ದ ನೆರವು ತಪ್ಪುತ್ತದೆ. ಜೊತೆಗೆ ಊರಿನಿಂದ ಬಂದ ಅಜ್ಜಿಯೊಡನೆ ಆಡಿದ ಭಾಷೆ ಲೆಕ್ಕಕ್ಕಿಲ್ಲವೆಂಬ ಭಾವನೆಯೂ ಮಗುವಿಗೆ ಬರುತ್ತದೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗುವಿಗೆ ಈ ವರ್ಗದ ಸೋಂಕೂ ಇರುವುದಿಲ್ಲವಾದ್ದರಿಂದ ಹೆದರಿಕೆಗೆ ಕಾರಣವಿಲ್ಲ.

ಕರ್ನಾಟಕದ ಶಾಲೆಗಳ ಸ್ಥಿತಿ ಬೇರೆ. ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಅದಕ್ಕೆ ಮೊದಲು ಐದನೆಯ ತರಗತಿಯಿಂದ ಇತ್ತು. ತರಗತಿಯಿಂದ ಹೊರಗೆ ಕಾಲಿಟ್ಟೊಡನೆ ಮಗು ಕನ್ನಡದೊಳಗೆ ಬರುತ್ತದೆ, ಇಂಗ್ಲಿಷ್ ಕಿವಿಗೆ ಬೀಳುವುದು ಉಪಾಧ್ಯಾಯರ ಬಾಯಿಂದ ಮಾತ್ರ. ಅಮೆರಿಕದ ಮಗುವಿಗಾದರೋ ಇಂಗ್ಲಿಷ್ ಸುತ್ತಲೂ ಇದೆ, ಮನೆಮಾತೇ ಅಳಿಯುವ ಭಯ. ಹೀಗಾಗಿ ಅಲ್ಲಿನ ಕ್ರಮಗಳನ್ನು ಇಲ್ಲಿಗೆ ಹಾಗೆಯೇ ಎತ್ತಿ ತರುವುದು ಫಲಕಾರಿಯಾಗದು. ಆದರೆ ಲಂಬಾಣಿ, ಉರ್ದು, ಮರಾಠಿ, ತೆಲುಗು ಮನೆಮಾತಿನ ಮಗು ಕನ್ನಡದ ತರಗತಿಯಲ್ಲಿ ಕುಳಿತಿರುವ ಊರುಗಳು ನಾಡಿನಲ್ಲಿ ಕಡಿಮೆಯಿಲ್ಲ. ಆ ಮಗುವಿನ ಪಾಲಿಗೆ ಲಾವ್ ಪ್ರಕರಣದ ಪ್ರಶ್ನೆ ಇಲ್ಲಿಯೂ ಜೀವಂತವಾಗಿದೆ.

ಇಲ್ಲಿ ಬಿ.ಎಡ್. ಮುಗಿಸಿ ಅಲ್ಲಿಗೆ ಹೋಗಿ ನೆಲೆಸಿ ಉಪಾಧ್ಯಾಯ ವೃತ್ತಿಗೆ ಮರಳಬಯಸುವವರು ಮೊದಲು ತಮ್ಮ ಪದವಿಪತ್ರಗಳನ್ನು ಆಯಾ ರಾಜ್ಯ ಮಾನ್ಯ ಮಾಡಿದ ಸಂಸ್ಥೆಯಿಂದ ತೂಗಿಸಿಕೊಳ್ಳಬೇಕು; ಕೊರತೆ ಕಂಡಲ್ಲಿ ಮತ್ತೆ ಕೆಲವು ಪಾಠಕ್ರಮಗಳನ್ನು ಓದಬೇಕು. ಬಹುಮಂದಿಯನ್ನು ಕಾಡುವ ಇನ್ನೊಂದು ಅಳುಕು ತಮ್ಮ ಉಚ್ಚಾರಣೆಯದು. ಅರಿಜೋನಾ ರಾಜ್ಯ ಒಂದು ಕಾಲಕ್ಕೆ ಇಂಗ್ಲಿಷ್ ಕಲಿಕಾರ್ಥಿಗಳ ಉಪಾಧ್ಯಾಯರ ಉಚ್ಚಾರಣೆಯನ್ನು ತಪಾಸಣೆ ಮಾಡುತ್ತಿತ್ತು; ಕೇಂದ್ರ ಸರಕಾರದ ವಿಚಾರಣೆಯ ಬಳಿಕ 2011ರಲ್ಲಿ ಅದನ್ನು ಕೈಬಿಡಲು ಒಪ್ಪಿತು. ‘ಎಸ್ಕೂಲ್’ ಎಂದ ಮಗುವನ್ನು ನೋಡಿ ನಗದೆ, ಶಬ್ದವನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿಕೊಟ್ಟು, ಉತ್ತರ ಬರುವ ತನಕ ಮೂರು ಸೆಕೆಂಡು ಕಾಯಬಲ್ಲವರೇ ಎಂಬುದನ್ನು ಅಳೆಯುವ ತಪಾಸಣೆ ಮಾತ್ರ ಇನ್ನೂ ಯಾವ ರಾಜ್ಯದಲ್ಲಿಯೂ ಸುಲಭವಾಗಿಲ್ಲ.